ಸಹಾಯ ಬೇಕು: ಬ್ರೇಕ್‌ಪಾಯಿಂಟ್‌ನಲ್ಲಿ ಡಿಬಗ್ಗರೇ ಕುಸಿದು ಬೀಳುತ್ತಿದೆ

ಲಿನಕ್ಸ್‌ನಲ್ಲಿ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಒಂದನ್ನು ಜಿಡಿಬಿಯಲ್ಲಿ (ದೋಷ ಹುಡುಕಲು ಬಳಸುವ ಡಿಬಗ್ಗರ್) ಪರಿಶೀಲಿಸುವಾಗ, ಬ್ರೇಕ್‌ಪಾಯಿಂಟ್‌ನಲ್ಲಿ (ನಿಲ್ಲಬೇಕೆಂದು ಗುರುತು ಮಾಡಿದ ಸಾಲಿನಲ್ಲಿ) ಪ್ರೋಗ್ರಾಂ ಸರಿಯಾಗಿಯೇ ನಿಂತರೂ ಡಿಬಗ್ಗರ್ ಮಾತ್ರ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದ ದೋಷ) ತೋರಿಸಿ ಮುಚ್ಚಿಹೋಗುತ್ತಿದೆ. ಅದೂ ಒಮ್ಮೆ ಐದನೇ ಹೆಜ್ಜೆಗೆ, ಇನ್ನೊಮ್ಮೆ ಅರ್ಧ ಗಂಟೆಯ ನಂತರ. ಆರಂಭಿಕ ಕಡತವನ್ನು ಓದದಂತೆ ‘ಎನ್‌ಎಕ್ಸ್’ ಆಯ್ಕೆಯೊಂದಿಗೆ ನಡೆಸಿದ ಎರಡು ದಿನ ತೊಂದರೆ ಕಾಣಲಿಲ್ಲವಾದ್ದರಿಂದ, ಆ ಕಡತದ ಮೂಲಕ ಲೋಡ್ ಆಗುವ, ನಾನೇ ಬರೆದ ಪೈಥಾನ್ ಪ್ರೆಟಿ ಪ್ರಿಂಟರ್ (ಮೌಲ್ಯಗಳನ್ನು ಓದಲು ಸುಲಭವಾಗುವಂತೆ ತೋರಿಸುವ ಕೋಡ್) ಮೇಲೆ ಅನುಮಾನವಿದೆ. ಲಿಂಕ್ಡ್ ಲಿಸ್ಟ್‌ನ (ಒಂದು ಅಂಶ ಮುಂದಿನದನ್ನು ತೋರಿಸುವ ಸರಪಳಿ) ಪಾಯಿಂಟರ್‌ಗೆ (ಮೆಮೊರಿ ವಿಳಾಸ ಇಟ್ಟುಕೊಳ್ಳುವ ಚರ) ಇನ್ನೂ ಮೌಲ್ಯ ಕೊಡದಿರುವಾಗ ಅದರಲ್ಲಿ ಉಳಿದಿರುವ ಕಸದ ವಿಳಾಸವನ್ನೇ ನಂಬಿ, ಪ್ರಿಂಟರ್ ತನ್ನನ್ನು ತಾನೇ ಮತ್ತೆ ಮತ್ತೆ ಕರೆದು ಸ್ಟ್ಯಾಕ್ (ಫಂಕ್ಷನ್ ಕರೆಗಳಿಗೆ ಮೀಸಲಾದ ಮೆಮೊರಿ) ತುಂಬಿಸುತ್ತಿರಬಹುದೇ? ಮುದ್ರಣದ ಅಂಶಗಳ ಮಿತಿಯನ್ನು 200ರಿಂದ 20ಕ್ಕೆ ಇಳಿಸಿದ್ದು ಪ್ರಯೋಜನವಾಗಲಿಲ್ಲ. ಈ ಡಿಬಗ್ಗರ್‌ಗೆ ಹೊರಗಿನಿಂದ ಇನ್ನೊಂದು ಜಿಡಿಬಿಯನ್ನು ಜೋಡಿಸಿ (ಪೊಲೀಸಿನವನ ಹಿಂದೆ ಇನ್ನೊಬ್ಬ ಪೊಲೀಸಿನವನಂತೆ) ಬ್ಯಾಕ್‌ಟ್ರೇಸ್ (ಕುಸಿದ ಕ್ಷಣದವರೆಗಿನ ಫಂಕ್ಷನ್ ಕರೆಗಳ ಪಟ್ಟಿ) ಪಡೆದವರಿದ್ದರೆ, ಎರಡರ ಸಿಗ್ನಲ್‌ಗಳು (ಪ್ರೋಗ್ರಾಂಗಳಿಗೆ ವ್ಯವಸ್ಥೆ ಕಳಿಸುವ ಸೂಚನೆಗಳು) ಬೆರೆತುಹೋಗದಂತೆ ಹೇಗೆ ನಿಭಾಯಿಸಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.