ಗೀಸರ್ ಲೈನಿನ ಅರ್ಥ್ ವೈರ್ ಬರೀ 1 ಸ್ಕ್ವೇರ್ ಎಂಎಂ, ಬದಲಿಸಲೇಬೇಕಾ?

ಪ್ರಶ್ನೆ: ಹಳೆ ಮನೆ. 3 ಕಿಲೋವ್ಯಾಟ್ ಗೀಸರ್‌ಗೆ 20 ಆಂಪ್ ಸಿ-ಕರ್ವ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್), ಫೇಸ್ ಮತ್ತು ನ್ಯೂಟ್ರಲ್ 4 ಸ್ಕ್ವೇರ್ ಎಂಎಂ. ಹಸಿರು ಅರ್ಥ್ ವೈರ್ ಮಾತ್ರ 1. ಸ್ವಂತ ಅರ್ಥ್ ಪಿಟ್ (ಮಣ್ಣಿಗೆ ಅರ್ಥ್ ಕೊಡುವ ಗುಂಡಿ) ಇದೆ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇಲ್ಲ. ಫೇಸ್‌ಗೂ ಅರ್ಥ್‌ಗೂ 100 ವ್ಯಾಟ್ ಬಲ್ಬ್ ಹಿಡಿದರೆ ಚೆನ್ನಾಗಿ ಉರಿಯುತ್ತದೆ. ಸಾಲದೇ?

ಉತ್ತರ 1: ಸಾಲದು ಸರ್. ಆ ಬಲ್ಬ್ ಎಳೆಯುವುದು ಅರ್ಧ ಆಂಪ್‌ಗಿಂತ ಕಡಿಮೆ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಉರಿಯುತ್ತದೆ. ಅರ್ಥ್ ಎಲ್ಲಾದರೂ ಕಡಿದಿದ್ದರೆ ಆ ಪರೀಕ್ಷೆಯೇ ಉಳಿದ ಉಪಕರಣಗಳ ಲೋಹದ ಮೈಗೆ ಕರೆಂಟ್ ಹಾಯಿಸುತ್ತದೆ. ಇನ್ನು ಮುಂದೆ ದಯವಿಟ್ಟು ಮಾಡಬೇಡಿ.

ಲೆಕ್ಕ ನೋಡಿ. ಪಿಟ್ 7 ಓಮ್, ಟ್ರಾನ್ಸ್‌ಫಾರ್ಮರ್ ಕಡೆ 1 ಓಮ್ ಎಂದಿಟ್ಟುಕೊಳ್ಳಿ. ಬೋರ್‌ವೆಲ್‌ನ ಗಡಸು ನೀರಿಗೆ ಎಲಿಮೆಂಟ್ ಒಡೆದು ಫೇಸ್ ಟ್ಯಾಂಕಿಗೆ ತಗುಲಿದರೆ ಹರಿಯುವುದು 230/8, ಸುಮಾರು 29 ಆಂಪ್. ಸಿ-20 ಎಂಸಿಬಿ ತಕ್ಷಣ ಬೀಳಲು 100ರಿಂದ 200 ಆಂಪ್ ಬೇಕು. 29 ಆಂಪ್‌ಗೆ ಅದು ಒಂದು ಗಂಟೆಯವರೆಗೂ ನಿಂತಿರಬಹುದು. ಸುಮಾರು 12 ಆಂಪ್ ತಾಳುವ 1 ಸ್ಕ್ವೇರ್ ಎಂಎಂ ವೈರ್ ಅಷ್ಟರಲ್ಲಿ ಕಾದು, ಪಿವಿಸಿ ಕರಗಿ, ಪೈಪಿನೊಳಗೆ ಪಕ್ಕದ ಫೇಸ್ ವೈರನ್ನೂ ಸುಡುತ್ತದೆ. ಅರ್ಥಿಂಗ್ ಕುರಿತ ಭಾರತೀಯ ಮಾನದಂಡ ಐಎಸ್ 3043 ಪ್ರಕಾರ ಫೇಸ್ 16 ಸ್ಕ್ವೇರ್ ಎಂಎಂವರೆಗಿದ್ದರೆ ಅರ್ಥ್ ವೈರೂ ಅದೇ ಗಾತ್ರದ್ದಿರಬೇಕು. ಅಂದರೆ ನಿಮಗೆ 4.

ಉತ್ತರ 2: ಮೇಲಿನದೆಲ್ಲ ಸರಿ, ಆದರೆ ವೈರ್ ದಪ್ಪ ಮಾಡಿದರೂ ಆ 29 ಆಂಪ್ ಹೆಚ್ಚುವುದಿಲ್ಲ, ಮಣ್ಣಿನ ಓಮ್ ಹಾಗೇ ಇರುತ್ತದಲ್ಲ. ಟ್ಯಾಂಕಿನ ಮೇಲೆ ಆಗಲೂ 29×7, ಅಂದರೆ 200 ವೋಲ್ಟ್! ಜೀವ ಉಳಿಸುವುದು 30 ಮಿಲಿಆಂಪ್ ಆರ್‌ಸಿಸಿಬಿ. ಇಂದೇ ಅದನ್ನು ಹಾಕಿಸಿ, ವೈರ್ ಆಮೇಲೆ ಎಳೆಸಿದರೂ ನಡೆಯುತ್ತದೆ. ಆರ್‌ಸಿಸಿಬಿ ಹಾಕಿಸುವವರೆಗೆ ಗೀಸರ್ ಬೇಡ.

ಪ್ರಶ್ನೆ: ಇನ್ನೊಂದು 1 ಸ್ಕ್ವೇರ್ ಎಂಎಂ ವೈರ್ ಜೊತೆಗೆ ತಿರುಚಿ ಹಾಕಬಹುದೇ? ಬೇರೆ ಲೈನುಗಳ ಗಾತ್ರ ಹೇಗೆ ತಿಳಿಯುವುದು?

ಉತ್ತರ 1: ಬೇಡ. ಒಂದು ಕಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ವೈರಿನ ಮೇಲಿನ ಮುದ್ರಣ ಅಳಿಸಿದ್ದರೆ ಎಳೆ ಎಣಿಸಿ: 0.3 ಎಂಎಂ ಎಳೆ 14 ಇದ್ದರೆ 1, 22 ಇದ್ದರೆ 1.5, 36 ಇದ್ದರೆ 2.5, 56 ಇದ್ದರೆ 4 ಸ್ಕ್ವೇರ್ ಎಂಎಂ.

ಮೇನ್ ಆಫ್ ಮಾಡಿ, ಟೆಸ್ಟರ್ ನಂಬದೆ ಮಲ್ಟಿಮೀಟರಿನಲ್ಲಿ ಸೊನ್ನೆ ವೋಲ್ಟ್ ಖಚಿತಪಡಿಸಿಕೊಂಡು, ಡಿಬಿಯ (ಎಂಸಿಬಿಗಳಿರುವ ಪೆಟ್ಟಿಗೆಯ) ಅರ್ಥ್ ಬಾರ್‌ನಿಂದ ಗೀಸರ್ ಸಾಕೆಟ್‌ವರೆಗೆ ನಡುವೆ ಜಾಯಿಂಟ್ ಇಲ್ಲದ ಹಸಿರು ವೈರ್ ಎಳೆಸಿ. ಹಳೆ ವೈರಿಗೆ ಕಟ್ಟಿ ಎಳೆದರೆ ಅದು ಪೈಪಿನಲ್ಲೇ ತುಂಡಾಗಬಹುದು, ವೈರ್ ಎಳೆಯುವ ಸ್ಪ್ರಿಂಗ್ ಬಳಸಲಿ. ಎರಡೂ ತುದಿಗೆ ಲಗ್ (ಲೋಹದ ತುದಿ) ಕ್ರಿಂಪ್ ಆಗಬೇಕು, ಅಂದರೆ ಒತ್ತಿ ಬಿಗಿಸಬೇಕು. 20 ಮೀಟರ್ ವೈರಿಗೆ ಸುಮಾರು 0.09 ಓಮ್ ಬರಬೇಕು. ಮೀಟರಿನ ಕಡ್ಡಿಗಳದೇ 0.2 ಓಮ್ ಇರುತ್ತದೆ, ಎರಡನ್ನೂ ತಾಗಿಸಿ ನೋಡಿ ಅದನ್ನು ಕಳೆಯಿರಿ.

ಉತ್ತರ 2: ಡಿಬಿಯಿಂದ ಪಿಟ್‌ಗೆ ಹೋಗುವ ವೈರನ್ನೂ ನೋಡಿ, ಅದು ಮೇನ್ ಲೈನಿನ ಫೇಸ್ ವೈರಿನಷ್ಟೇ ಇರಲಿ. ಪಿಟ್‌ನ ಜಿಐ (ಸತು ಲೇಪಿತ ಕಬ್ಬಿಣದ) ಪೈಪಿಗೆ ತಾಮ್ರವನ್ನು ನೇರವಾಗಿ ಸುತ್ತಿದರೆ ಒದ್ದೆಯಲ್ಲಿ ಸತು ತಿಂದುಹೋಗುತ್ತದೆ, ತವರ ಲೇಪಿತ ಲಗ್ ಹಾಕಿ ಸ್ಟೀಲ್ ಬೋಲ್ಟ್ ಬಿಗಿಸಿ. ಆರ್‌ಸಿಸಿಬಿ ಹಾಕಿದ ಕೂಡಲೇ ಟ್ರಿಪ್ ಆದರೆ ಅದನ್ನು ಕಿತ್ತುಹಾಕಬೇಡಿ. ಹೆಚ್ಚಾಗಿ ಯಾವುದೋ ಸ್ವಿಚ್ ಬಾಕ್ಸ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ತಾಗಿರುತ್ತದೆ, ಒಂದೊಂದೇ ಲೈನಿನ ಫೇಸ್, ನ್ಯೂಟ್ರಲ್ ಎರಡನ್ನೂ ಬಿಚ್ಚಿ ಹುಡುಕಿಸಿ.