ಶುಭ ಶುಕ್ರವಾರ, ಮೊಹರಂ: ಆಸ್ಪತ್ರೆ ಬೋರ್ಡಿಗೆ ಏನು ಬರೆಯೋಣ?

ಗೆಳೆಯರೇ,

ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ರಿಸೆಪ್ಷನ್ ಪಕ್ಕದ ಬೋರ್ಡಿಗೆ ಕನ್ನಡ ಬರೆಯುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಯುಗಾದಿ, ರಂಜಾನ್, ಕ್ರಿಸ್‌ಮಸ್ ಏನೂ ಕಷ್ಟವಿಲ್ಲ. ಹಬ್ಬದ ಹೆಸರು, ಮುಂದೆ 'ಶುಭಾಶಯಗಳು', ಮುಗೀತು.

ತೊಡಕು ಗುಡ್ ಫ್ರೈಡೇಯದು. ಯೇಸುವನ್ನು ಶಿಲುಬೆಗೇರಿಸಿದ ದಿನ ಅದು. ಉಪವಾಸ, ಪ್ರಾರ್ಥನೆಯ ದಿನ. ಕನ್ನಡದಲ್ಲಿ ಅದನ್ನು 'ಶುಭ ಶುಕ್ರವಾರ' ಅಂತಲೇ ಕರೆಯುತ್ತೇವೆ. ಹೆಸರಲ್ಲೇ ಶುಭ ಇದೆಯಲ್ಲ ಅಂತ ಹೋದ ವರ್ಷ ಯಾರೋ 'ಶುಭ ಶುಕ್ರವಾರದ ಹಾರ್ದಿಕ ಶುಭಾಶಯಗಳು' ಎಂದು ಬರೆದುಬಿಟ್ಟಿದ್ದರು. ನರ್ಸ್ ಒಬ್ಬರು ಓದಿ, ಮಾತಾಡದೆ, ಕೊನೆಯ ಎರಡು ಪದ ಒರೆಸಿ ಡ್ಯೂಟಿಗೆ ಹೋದರು. ಸಂಜೆವರೆಗೂ ಬೋರ್ಡಿನಲ್ಲಿ 'ಶುಭ ಶುಕ್ರವಾರದ' ಅಂತ ಅಷ್ಟೇ ಇತ್ತು. ಸಾಲದ್ದಕ್ಕೆ, ವಾರವಾರ ಲಕ್ಷ್ಮಿ ಫೋಟೋ ಹೊತ್ತು ವಾಟ್ಸಾಪಿಗೆ ಬರುವುದೂ ಇದೇ 'ಶುಭ ಶುಕ್ರವಾರ' ಅಲ್ವಾ! 'ಪವಿತ್ರ ಶುಕ್ರವಾರ' ಅನ್ನುವವರೂ ಇದ್ದಾರೆ. ನನಗೆ ಅದೇ ವಾಸಿ ಅನಿಸುತ್ತದೆ. ಆದರೆ ಅದರ ಮುಂದೆ ಏನು ಹಾಕುವುದು?

ಮೊಹರಂ ಇನ್ನೂ ಗೋಜಲು. ಕರ್ಬಲಾದಲ್ಲಿ ಪ್ರವಾದಿ ಮುಹಮ್ಮದರ ಮೊಮ್ಮಗ ಇಮಾಮ್ ಹುಸೇನರು ಮಡಿದ ನೆನಪಿನ ದಿನ, ಶುಭಾಶಯ ಬೇಡ ಅಂದೆ. ರಾಯಚೂರು ಕಡೆಯ ಸಹೋದ್ಯೋಗಿ ಒಪ್ಪಲಿಲ್ಲ. ಅವರ ಊರಲ್ಲಿ ಹಿಂದೂಗಳೂ ಸೇರಿ ಅಲಾಯಿ ದೇವರನ್ನು (ಮೊಹರಂನ ಪಂಜಾಗಳನ್ನು) ಕೂಡಿಸುತ್ತಾರೆ, ಅಲಾಯಿ ಕುಣಿಯ (ಬೆಂಕಿ ಹಾಕುವ ಗುಂಡಿಯ) ಸುತ್ತ ಹೆಜ್ಜೆ ಹಾಕುತ್ತಾರೆ. ಉತ್ತರ ಕರ್ನಾಟಕದಲ್ಲಿ ಮುಸ್ಲಿಮರೇ ಇಲ್ಲದ ಹಳ್ಳಿಗಳಲ್ಲೂ ಮೊಹರಂ ನಡೆಯುತ್ತದೆ. ಅವರಿಗದು ಹಬ್ಬವೇ. ಆದರೆ ಗೌರಿಬಿದನೂರು ತಾಲ್ಲೂಕಿನ ಅಲೀಪುರದ, ಮೊಹರಂ ದಿನ ಶೋಕ ಆಚರಿಸುವ ಶಿಯಾ ಮುಸ್ಲಿಂ ಕುಟುಂಬವೊಂದು ಅದೇ ಬೋರ್ಡಿನ ಎದುರು ಕೂತಿದ್ದರೆ?

'ಸ್ಮರಣೆ' ಹೊಂದುತ್ತದಾ ಅಂತ ಯೋಚಿಸಿದೆ. ಆಸ್ಪತ್ರೆ ಗೋಡೆಯ ಮೇಲೆ ಆ ಪದ ಕಂಡರೆ ರೋಗಿಯ ಕಡೆಯವರಿಗೆ ಮೊದಲು ನೆನಪಾಗುವುದು ಪುಣ್ಯಸ್ಮರಣೆಯ ಫ್ಲೆಕ್ಸು. 'ನಮನ' ಕೂಡ ಸುಮಾರಾಗಿ ಅದೇ ದಾರಿ. ಸುಮ್ನೆ ದಿನದ ಹೆಸರು, ತಾರೀಖು, ಓಪಿಡಿ ಇದೆಯೋ ಇಲ್ಲವೋ, ಇಷ್ಟು ಬರೆದರೆ ಸಾಕು ಅನ್ನುವುದು ಸದ್ಯಕ್ಕೆ ನನ್ನ ಮತ. ಮ್ಯಾನೇಜರಿಗೆ ಅದು ತೀರಾ ಒಣ ಅನಿಸಿದೆ.

ವಾರ್ಡಿನೊಳಗಿನ ಮಾತಿಗೆ ಈ ಕಷ್ಟವಿಲ್ಲ. 'ರೋಜಾ ಇದ್ದೀರಾ?', 'ಇವತ್ತು ಉಪವಾಸಾನಾ?' ಅಂತ ಶುಗರ್ ಮಾತ್ರೆ ಕೊಡುವ ಮೊದಲು ಹೇಗೂ ಕೇಳಲೇಬೇಕು. ಬರವಣಿಗೆಗೇ ಪದ ಸಿಗುತ್ತಿಲ್ಲ.

ನಿಮ್ಮ ಊರಲ್ಲಿ ಗುಡ್ ಫ್ರೈಡೇ ದಿನ ಚರ್ಚಿನಿಂದ ಹೊರಬಂದವರು ಒಬ್ಬರಿಗೊಬ್ಬರು ಏನಾದರೂ ಹೇಳುತ್ತಾರಾ, ಇಲ್ಲ ಸುಮ್ಮನೆ ಹೋಗುತ್ತಾರಾ? ಮೊಹರಂ ದಿನ ಹಳ್ಳಿಗಳಲ್ಲಿ ಎದುರಾದವರಿಗೆ ಏನನ್ನುತ್ತಾರೆ? ಕರಾವಳಿಯವರೂ ಕಲ್ಯಾಣ ಕರ್ನಾಟಕದವರೂ ಕೇಳಿದ್ದನ್ನು ಕೇಳಿದ ಹಾಗೇ ಬರೆದು ತಿಳಿಸಿ.