ಸಹಾಯ ಬೇಕು: ಮಗಳು ಓದುತ್ತಾಳೆ, ಕಥೆ ತಲೆಗೆ ಹೋಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮಗಳು ಮೂರನೇ ಕ್ಲಾಸು. ಮಲಗುವಾಗ ನಾನು ಕೋತಿ-ಮೊಸಳೆ ಕಥೆ ಹೇಳಿ, "ಹೃದಯ ಮರದಲ್ಲೇ ಇದೆ ಅಂತ ಕೋತಿ ಯಾಕೆ ಹೇಳಿತು?" ಎಂದರೆ ತಕ್ಷಣ ಉತ್ತರ ಕೊಡುತ್ತಾಳೆ. ಅದೇ ಥರದ ಹೊಸ ಕಥೆಯನ್ನು ಅವಳೇ ಓದಿದರೆ, ಕೇಳಿದ್ದಕ್ಕೆ ಸುಮ್ನೆ ಕೂರುತ್ತಾಳೆ. ತಪ್ಪಿಲ್ಲದೆ ಓದುತ್ತಾಳೆ, ಒತ್ತಕ್ಷರ ಬಂದಲ್ಲಿ ಮಾತ್ರ ನಿಧಾನ. ಗಮನವೆಲ್ಲ ಅಕ್ಷರ ಕೂಡಿಸುವುದಕ್ಕೇ ಹೋಗುತ್ತದೆ ಅನಿಸುತ್ತದೆ.

ಪುಟಕ್ಕೊಂದು ಪ್ರಶ್ನೆ ಕೇಳಿ ನೋಡಿದೆ. "ಅಮ್ಮಾ, ಇದೇನು ಪರೀಕ್ಷೆನಾ?" ಅಂತ ಪುಸ್ತಕ ಮುಚ್ಚಿದಳು. ಚಿತ್ರ ನೋಡಿ ಮುಂದೇನಾಗಬಹುದು ಅಂತ ಊಹಿಸುವುದು ಅವಳಿಗೆ ತುಂಬಾ ಇಷ್ಟ. ಮಲಗುವ ಹೊತ್ತಿನ ಆ ಖುಷಿ ಹಾಳಾಗಬಾರದು ಅಲ್ವಾ?

ಮೊದಲು ನಾನು ಓದಿ, ಆಮೇಲೆ ಅದೇ ಪುಟ ಅವಳಿಂದ ಓದಿಸಲಾ? ಅಥವಾ ಅವಳೇ ಓದಿ, ಕೊನೆಗೆ ತನ್ನ ಮಾತಲ್ಲಿ ಕಥೆ ಹೇಳಲಿ ಅಂತ ಬಿಡಲಾ? ನಿಮ್ಮ ಮಕ್ಕಳಿಗೆ ಯಾವುದರಿಂದ ಉಪಯೋಗವಾಯಿತು, ದಯವಿಟ್ಟು ತಿಳಿಸಿ.